ಪದಚರ್ಚೆ: ಹಾಸಿಗೆಯಿಂದ ಗಾಲಿಕುರ್ಚಿಗೆ ‘ದೇಕು’ವುದೋ ‘ಜರುಗು’ವುದೋ?

ಎಲ್ಲರಿಗೂ ನಮಸ್ಕಾರ.

ನಾನು ತುಮಕೂರಿನಲ್ಲಿ ಫಿಸಿಯೋಥೆರಪಿ ಕೆಲಸ ಮಾಡುತ್ತೇನೆ. ಗುಬ್ಬಿ, ತುರುವೇಕೆರೆ, ತಿಪಟೂರು ಎಲ್ಲ ತೆಂಗಿನ ಸೀಮೆ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ಮನೆಗಳಿಗೆ ಹೋಗುತ್ತಿರುತ್ತೇನೆ. ಅವರ ಮಂಚದ ತಲೆದೆಸೆಗೆ ಅಂಟಿಸಲು ಒಂದು ಹಾಳೆ ಬರೆಯುತ್ತಿದ್ದೇನೆ. ಮಗ್ಗುಲಾಗುವುದು ಹೇಗೆ, ಹಾಸಿಗೆಯಿಂದ ಗಾಲಿಕುರ್ಚಿಗೆ ಹೋಗುವುದು ಹೇಗೆ ಅಂತ. ಕೆಲವು ಪದಗಳು ಕೂರುತ್ತಿಲ್ಲ, ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಟ್ರಾನ್ಸ್‌ಫರ್’. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಆಟೋಗೆ, ಎಲ್ಲಕ್ಕೂ ನಾವು ಓದಿದ್ದು ಇದೊಂದೇ ಮಾತು. ಒಂದು ಕರಪತ್ರದಲ್ಲಿ ಇದನ್ನು ‘ವರ್ಗಾವಣೆ’ ಮಾಡಿದ್ದರು. ಅದನ್ನು ಓದಿದ ತಾಯಿಯೊಬ್ಬರು ‘ಇನ್ಯಾವ ಆಸ್ಪತ್ರೆಗೆ ಹಾಕ್ತಾರೆ ಸಾರ್?’ ಅಂತ ಗಾಬರಿಯಾದರು. ‘ಸ್ಥಳಾಂತರ’ ಬಸ್ ಸ್ಟ್ಯಾಂಡಿಗೆ, ಕಚೇರಿಗೆ ಸರಿ, ಮನುಷ್ಯರಿಗಲ್ಲ.

ಮನೆಯವರ ಬಾಯಲ್ಲಿರುವುದು ‘ಎತ್ತಿ ಕೂರಿಸು’. ಸರಳ ಮಾತು. ಆದರೆ ಅದರಲ್ಲಿ ಮಲಗಿರುವವರ ಪಾಲೇ ಇಲ್ಲ. ಕಾಲಿನ ಸ್ವಾಧೀನ ಹೋಗಿದ್ದರೂ ತೋಳಿನಲ್ಲಿ ಬಲವಿರುವ ಎಷ್ಟೋ ಜನ ಅಭ್ಯಾಸದಿಂದ ತಾವೇ ಕುರ್ಚಿಗೆ ಹೋಗುತ್ತಾರೆ. ಇನ್ನೊಂದು, ‘ಎತ್ತು’ ಅಂದಕೂಡಲೇ ನಮ್ಮವರು ಕಂಕುಳಿಗೆ ಕೈ ಹಾಕಿ ಎಳೆಯುತ್ತಾರೆ. ಕತ್ತಿನ ಹತ್ತಿರ ಪೆಟ್ಟಾಗಿ ತೋಳೂ ಸೋತವರಿಗೆ ಹೀಗೆ ಎಳೆದರೆ ಭುಜದ ಕೀಲೇ ಹಾಳಾಗುತ್ತದೆ.

‘ಹೊರಳು’, ‘ಹೊರಳಿಸು’ ವಿಷಯದಲ್ಲಿ ಕನ್ನಡ ನನ್ನ ಕೈ ಹಿಡಿಯಿತು. ತಾನೇ ಮಾಡಿದರೆ ಹೊರಳು, ಇನ್ನೊಬ್ಬರು ಮಾಡಿದರೆ ಹೊರಳಿಸು. ಆದರೆ ನಡುವಿನದ್ದಕ್ಕೆ ಏನನ್ನೋಣ? ಮನೆಯವರು ಒಂದು ಕಾಲಿನ ಮೇಲೆ ಇನ್ನೊಂದನ್ನು ಅಡ್ಡ ಹಾಕಿಕೊಡುತ್ತಾರೆ, ಅಷ್ಟೇ. ಮಲಗಿದವರು ಎರಡೂ ಕೈ ಚಾಚಿ ಆ ಕಡೆ ಈ ಕಡೆ ಬೀಸುತ್ತಾರೆ, ಮೂರನೇ ಸಲ ಜೋರಾಗಿ. ಆ ರಭಸಕ್ಕೆ ಮೈ ಮಗ್ಗುಲಾಗುತ್ತದೆ. ಇದಕ್ಕೆ ‘ಕೈ ಕೊಡಿ’ ಅಂತ ಬರೆದಿದ್ದೆ. ಕೈ ಕೊಡುವುದು ಅಂದರೆ ನಡುನೀರಲ್ಲಿ ಬಿಟ್ಟುಹೋಗುವುದು ಅಂತಲೂ ಆಗುತ್ತದೆ ಅಲ್ವಾ, ಹೊಡೆದುಹಾಕಿದೆ. ಈಗ ‘ಒತ್ತಾಸೆಯಾಗಿ’ ಅಂತ ಇದೆ. ಹಳ್ಳಿಯಲ್ಲಿ ಓದುವವರಿಗೆ ಇದು ಹತ್ತಿರದ ಮಾತಾ?

ಪೆಟ್ಟಾದ ಹೊಸತರಲ್ಲಿ ಬೆನ್ನು ತಿರುಚದಂತೆ ತಲೆ, ಭುಜ, ಸೊಂಟ ಮೂರನ್ನೂ ಒಟ್ಟಿಗೆ ಹೊರಳಿಸಬೇಕು. ‘ಮರದ ದಿಮ್ಮಿ ಹೊರಳಿಸಿದಂತೆ’ ಅಂತ ನಮಗೆ ಕಲಿಸಿದ್ದರು. ಅದನ್ನು ಬರೆಯಲು ನನಗೆ ಮನಸ್ಸಿಲ್ಲ. ‘ಕೊರಡಿನ ಥರ ಬಿದ್ದವ್ನೆ’ ಅನ್ನುವ ಮಾತು ಅವರ ಕಿವಿಗೆ ಆಗಲೇ ಬಿದ್ದಿರುತ್ತದೆ. ‘ಮೂರೂ ಒಟ್ಟಿಗೆ’ ಅಂತಷ್ಟೇ ಬರೆದಿದ್ದೇನೆ. ಅದರ ಕೆಳಗೆ ದಪ್ಪಕ್ಷರದಲ್ಲಿ ‘2 ಗಂಟೆಗೊಂದು ಮಗ್ಗುಲು’.

ಈಗ ನಿಜವಾದ ಪ್ರಶ್ನೆ. ತುರುವೇಕೆರೆ ಕಡೆಯ ಒಬ್ಬ ಅಜ್ಜಿ ಮೊಮ್ಮಗನಿಗೆ ‘ಒಸಿ ಈ ಕಡೆ ದೇಕಪ್ಪಾ’ ಅಂದರು. ಕೇಳಿ ನನಗೆ ಖುಷಿಯಾಯಿತು. ಕೂತಲ್ಲಿಂದಲೇ ಮೈಯನ್ನು ಮುಂದಕ್ಕೆ ನೂಕಿಕೊಂಡು ಹೋಗುವುದಕ್ಕೆ ಎಂಥ ಪುಟ್ಟ ಪದ! ಆದರೆ ಹುಡುಗನ ಮುಖ ಸಪ್ಪಗಾಯಿತು. ‘ನಾನೇನು ಮಗೂನಾ ಅಜ್ಜಿ?’ ಅಂದ. ದೇಕುವುದು ಅವನಿಗೆ ಇನ್ನೂ ನಡೆಯದ ಕೂಸಿನ ಮಾತು.

ಪದದ ಒಳಗೂ ಒಂದು ತೊಡಕಿದೆ. ದೇಕುವಾಗ ಅಂಡು ನೆಲಕ್ಕೆ ಉಜ್ಜುತ್ತದೆ. ಸ್ಪರ್ಶ ಗೊತ್ತಾಗದ ಚರ್ಮ ತರಚಿದರೆ ತಿಳಿಯುವುದೇ ಇಲ್ಲ, ಹಾಸಿಗೆ ಹುಣ್ಣು ಶುರುವಾಗುವುದು ಹೀಗೂ ಉಂಟು. ನಾವು ಕಲಿಸುವುದೇ ಬೇರೆ. ಎರಡೂ ಮುಷ್ಟಿಯನ್ನು ಪಕ್ಕದಲ್ಲಿ ಊರಬೇಕು. ತಲೆಯನ್ನು ಮುಂದಕ್ಕೆ ಬಗ್ಗಿಸಿ ಕುರ್ಚಿ ಇರುವ ಕಡೆಗಲ್ಲ, ಅದರ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಆಗ ಅಂಡು ಮೇಲೆದ್ದು ಕುರ್ಚಿಯ ಕಡೆ ಹೋಗುತ್ತದೆ. ಎತ್ತಿ ಇಡು, ಎತ್ತಿ ಇಡು, ಉಜ್ಜಬೇಡ.

ಅಂಡು ಅಂದೆ. ಆಸ್ಪತ್ರೆಯಲ್ಲಿ ಮರ್ಯಾದೆಗೆ ‘ಸೊಂಟ ಎತ್ತಿ’ ಅನ್ನುತ್ತೇವೆ. ಮನೆಯವರು ನಿಜವಾಗಿಯೂ ಸೊಂಟಕ್ಕೇ ಕೈ ಹಾಕುತ್ತಾರೆ, ಕೆಳಗಿನ ಭಾರ ಹಾಸಿಗೆಗೆ ಎಳೆದುಕೊಂಡೇ ಬರುತ್ತದೆ. ಹಾಗಾಗಿ ಹಾಳೆಯಲ್ಲಿ ‘ಅಂಡು’ ಅಂತಲೇ ಬರೆಯಬೇಕು ಅನ್ನಿಸಿದೆ. ಮನೆಗೆ ಬಂದವರೆಲ್ಲ ಓದುವ ಗೋಡೆ ಅದು. ‘ಪಿರ್ರೆ’ ಇನ್ನೂ ಸಭ್ಯವಾ?

ಒಟ್ಟು ಚಲನೆಗೆ ನನ್ನ ಒಲವು ‘ಜರುಗು’ ಕಡೆಗೆ. ಬಸ್ಸಿನಲ್ಲಿ ‘ಸ್ವಲ್ಪ ಜರುಗಿ’ ಅಂತ ಯಾರಿಗೆ ಬೇಕಾದರೂ ಹೇಳುತ್ತೇವೆ, ಅದರಲ್ಲಿ ಕೂಸೂ ಇಲ್ಲ, ರೋಗಿಯೂ ಇಲ್ಲ. ‘ಕುರ್ಚಿಗೆ ಜರುಗುವುದು’, ಸಹಾಯ ಬೇಕಾದವರಿಗೆ ‘ಜರುಗಿಸುವುದು’. ‘ಕ್ರಮ ಜರುಗಿಸು’ ಅನ್ನುವ ಸರ್ಕಾರಿ ಮಾತು ಅಡ್ಡ ಬರುತ್ತದೆ ಅನ್ನಿಸುವುದಿಲ್ಲ. ತೆಲುಗಿನಲ್ಲೂ ಇದೇ ಪದ ಇದೇ ಅರ್ಥದಲ್ಲಿರುವುದರಿಂದ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಿಗೂ ಹೊಸದಾಗಲಾರದು.

ನನ್ನ ಅನುಮಾನ ಒಂದೇ. ‘ಜರುಗು’ ಅಂದಾಗ ನಿಮಗೆ ಮೈ ಎತ್ತಿ ಪಕ್ಕಕ್ಕೆ ಇಟ್ಟಂತೆ ಕೇಳುತ್ತದೆಯೋ, ಸುಮ್ನೆ ಉಜ್ಜಿಕೊಂಡು ಸರಿದಂತೆಯೋ? ಎತ್ತಿ ಸರಿಯುವುದಕ್ಕೇ ನಿಮ್ಮ ಊರಲ್ಲಿ ಬೇರೆ ಪದ ಇದ್ದರೆ, ಯಾರು ಯಾರಿಗೆ ಹೇಳುವ ಮಾತು ಅನ್ನುವುದನ್ನೂ ಸೇರಿಸಿ ಬರೆಯಿರಿ. ಹಾಳೆ ಅಚ್ಚಿಗೆ ಹೋಗಲು ಇನ್ನು ಎರಡು ವಾರ ಇದೆ.