ಕಲಬುರಗಿ ಬಿಸಿಲಲ್ಲಿ ಕಾಕಪೂ: ಪಶುವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಸದಸ್ಯೆ, ಕಲಬುರಗಿ): ನಮಸ್ಕಾರ್ರೀ ಡಾಕ್ಟ್ರೇ. ಪುಣೆಯಲ್ಲಿರುವ ನಮ್ಮ ನಾದಿನಿ ಮಕ್ಕಳಿಗೆ ಅಂತ ಒಂದು ಕಾಕಪೂ ಮರಿ ತಂದು ಕೊಟ್ಟಿದ್ದಾರೆ. ಪೂಡಲ್ ಮತ್ತು ಕಾಕರ್ ಸ್ಪ್ಯಾನಿಯಲ್ ಮಿಶ್ರ ತಳಿ ಅಂತೆ. ಈಗ ಐದು ತಿಂಗಳು. ಮೈತುಂಬ ಗುಂಗುರು ಕೂದಲು. ಬೇಸಿಗೆ ಬರ್ತಾ ಇದೆ. ನೋಡಿದವರೆಲ್ಲ "ಇದು ನಮ್ಮ ಬಿಸಿಲಿಗೆ ತಡೆಯೋದಿಲ್ಲ, ಬೋಳಿಸಿಬಿಡ್ರಿ" ಅಂತಾರೆ. ಏನು ಮಾಡಲಿ?

ಉತ್ತರ: ನಮಸ್ಕಾರ ಅಕ್ಕಾ. ಬೋಳಿಸಬೇಡಿ. ಚರ್ಮ ಕಾಣುವಷ್ಟು ತೆಗೆದರೆ ಬಿಸಿಲು ನೇರವಾಗಿ ಚರ್ಮಕ್ಕೆ ಬಡಿಯುತ್ತದೆ, ಸುಡುತ್ತದೆ. ಒಂದೆರಡು ಸೆಂಟಿಮೀಟರ್ ಉಳಿಸಿ ಸಮವಾಗಿ ಕತ್ತರಿಸಿ, ಸಾಕು. ಹೊಟ್ಟೆಯ ಕೆಳಗೆ, ಕಂಕುಳಲ್ಲಿ, ಪಾದದ ಬೆರಳುಗಳ ನಡುವೆ ಇನ್ನೂ ಸ್ವಲ್ಪ ಕಡಿಮೆ ಮಾಡಬಹುದು. ಈ ಕೂದಲು ಬೆಳೆಯುತ್ತಲೇ ಇರುತ್ತದೆ, ಬೇರೆ ನಾಯಿಗಳ ಹಾಗೆ ಜಾಸ್ತಿ ಉದುರುವುದಿಲ್ಲ. ಹಾಗಾಗಿ ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿ ಬೇಕೇ ಬೇಕು.

ಬಿಸಿಲಿನ ಮಾತು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದ್ರೆ ನಮ್ಮಲ್ಲಿ ಮೇ ತಿಂಗಳಲ್ಲಿ 43-44 ಡಿಗ್ರಿ ಹೊಸದಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ. ಮೈ ತಂಪಾಗುವುದು ಮುಖ್ಯವಾಗಿ ತೇಕುವುದರಿಂದ. ಸುತ್ತಲಿನ ಗಾಳಿಯೇ ಕಾದಿದ್ದರೆ ಎಷ್ಟು ತೇಕಿದರೂ ಸಾಲದು. ಅದಕ್ಕೇ ಅದರ ದಿನಚರಿಯನ್ನು ಸೂರ್ಯನಿಗೆ ಹೊಂದಿಸಬೇಕು. ಬೆಳಿಗ್ಗೆ ಆರೂವರೆಯೊಳಗೆ ವಾಕಿಂಗ್ ಮುಗಿಯಲಿ. ಸಂಜೆ ಸೂರ್ಯ ಮುಳುಗಿದ ಕೂಡಲೇ ಹೊರಡಬೇಡಿ. ನಮ್ಮ ಅಂಗಳದ ಶಹಾಬಾದ್ ಕಲ್ಲು, ಡಾಂಬರು ರಸ್ತೆ, ಎರಡೂ ರಾತ್ರಿ ಎಂಟರವರೆಗೂ ಬಿಸಿ ಬಿಡುತ್ತಿರುತ್ತವೆ. ಅಂಗೈಯ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲು ಆಗದಿದ್ದರೆ ನಾಯಿಗೂ ಆಗುವುದಿಲ್ಲ.

ಮನೆಯೊಳಗಿನ ಶಹಾಬಾದ್ ನೆಲ ಮಾತ್ರ ಮಧ್ಯಾಹ್ನ ಅದಕ್ಕೆ ಒಳ್ಳೆ ಜಾಗ. ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿದರೆ ಮಲಗಲಿ ಬಿಡಿ. ನಮ್ಮದು ಒಣ ಸೆಕೆ, ಹಾಗಾಗಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಎದುರು ಬದುರು ಕಿಟಕಿ ಸ್ವಲ್ಪ ತೆರೆದಿಡಿ. ಒದ್ದೆ ಟವೆಲ್ ಹಾಸಿ ಅದರ ಮೇಲೆ ಮಲಗಿಸಬಹುದು, ಆದರೆ ಮೈಮೇಲೆ ಹೊದಿಸಬೇಡಿ. ಹೊದಿಸಿದರೆ ಶಾಖ ಒಳಗೇ ಉಳಿಯುತ್ತದೆ.

ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಿಲ್ಲದ ತೇಕು, ದಪ್ಪ ಜೊಲ್ಲು, ಕಡುಕೆಂಪು ಒಸಡು, ತೂರಾಡುವ ನಡಿಗೆ ಕಂಡರೆ ಅದು ಬಿಸಿಲು ಬಡಿತ. ಆಗ ಮೊದಲು ನೀರು, ಆಮೇಲೆ ಆಸ್ಪತ್ರೆ. ನಲ್ಲಿ ನೀರನ್ನು ಮೈತುಂಬ ಸುರಿಯಿರಿ, ಫ್ಯಾನ್ ಹಾಕಿ, ಹಾಗೇ ಗಾಡಿಯಲ್ಲಿ ಕರೆತನ್ನಿ. ನೀರಿನ ಟ್ಯಾಂಕ್ ತಾರಸಿ ಮೇಲಿದ್ದರೆ ಮೊದಲು ಬರುವ ನೀರು ಕುದಿಯುವಂತಿರುತ್ತದೆ, ಅದನ್ನು ಹರಿಯಬಿಟ್ಟು ಕೈಯಿಂದ ನೋಡಿ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ, ಪುಪ್ಪುಸಕ್ಕೆ ಹೋಗುತ್ತದೆ.

ಅದೇ ಸದಸ್ಯೆ: ಥ್ಯಾಂಕ್ಸ್ ರೀ ಸರ್. ಮಗಳು ದಿನಾ ಬ್ರಷ್ ಮಾಡ್ತಾಳೆ. ಆದ್ರೂ ಕಿವಿ ಹಿಂದೆ ಗಂಟು ಆಗಿದೆ. ಸ್ನಾನ ಮಾಡಿಸಿದ ಮೇಲೆ ಇನ್ನೂ ಗಟ್ಟಿ ಆಯ್ತು. ಕತ್ತರಿ ಹಾಕಲಾ?

ಉತ್ತರ: ಕತ್ತರಿ ದಯವಿಟ್ಟು ಬೇಡ. ಗಂಟು ಚರ್ಮವನ್ನೂ ಎಳೆದು ಹಿಡಿದಿರುತ್ತದೆ. ಕೂದಲು ಅಂದುಕೊಂಡು ಚರ್ಮವನ್ನೇ ಕತ್ತರಿಸಿಕೊಂಡು ಬಂದ ನಾಯಿಗಳಿಗೆ ಹೊಲಿಗೆ ಹಾಕುವಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಮಗಳು ಮಾಡುತ್ತಿರುವುದು ಒಳ್ಳೆಯದೇ. ಆದರೆ ಬ್ರಷ್ ಮೇಲ್ಪದರದಲ್ಲೇ ಓಡಾಡುತ್ತಿದೆ, ಬುಡಕ್ಕೆ ತಲುಪುತ್ತಿಲ್ಲ. ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಚರ್ಮ ಕಾಣುವ ಹಾಗೆ ಬೈತಲೆ ತೆಗೆದು, ಒಂದೊಂದೇ ಸಾಲು ಬಾಚಬೇಕು. ಕೊನೆಯಲ್ಲಿ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಹೋದರೆ ಕೆಲಸ ಮುಗಿದಂತೆ. ಕಿವಿ ಹಿಂದೆ, ಕಂಕುಳು, ಬೆಲ್ಟ್ ಕೆಳಗೆ, ಬಾಲದ ಬುಡ, ಈ ಜಾಗಗಳನ್ನು ದಿನವೂ ನೋಡಿ. ಸ್ನಾನಕ್ಕೆ ಮೊದಲೇ ಸಿಕ್ಕು ಬಿಡಿಸಿ. ನೀರು ಬಿದ್ದ ಗಂಟು ಒಣಗುವಾಗ ಕಂಬಳಿಯ ಹಾಗೆ ಬಿಗಿಯುತ್ತದೆ. ಅಂಥ ಗಂಟಿನ ಕೆಳಗೆ ಗಾಳಿ ಆಡದೆ ಸೆಕೆಯೂ ಹೆಚ್ಚು, ಹುಣ್ಣೂ ಆಗುತ್ತದೆ. ಈಗ ಆಗಿರುವ ಗಂಟನ್ನು ಕ್ಲಿಪ್ಪರ್ ಇರುವವರ ಹತ್ತಿರ ತೆಗೆಸಿ.

ಮಗಳು ಚಿಕ್ಕವಳಾದರೆ ಅವಳೊಬ್ಬಳಿಗೇ ಈ ಜವಾಬ್ದಾರಿ ಬಿಡಬೇಡಿ. ಪರೀಕ್ಷೆ ಬಂದರೆ ಬ್ರಷ್ ಮೂಲೆ ಸೇರುತ್ತದೆ. ಮನೆಯ ದೊಡ್ಡವರೊಬ್ಬರು ಕೈ ಜೋಡಿಸಲೇಬೇಕು.

ಪ್ರಶ್ನೆ (ಸದಸ್ಯ, ಬೀದರ್): ಸರ್, ನಮಗೂ ಈ ಮರಿ ತರುವ ಆಸೆ. ಮಗನಿಗೆ ಉಬ್ಬಸ ಇದೆ. "ಈ ತಳಿಯಿಂದ ಅಲರ್ಜಿ ಆಗೋದೇ ಇಲ್ಲ, ಕೆಸಿಐ ಪೇಪರ್ ಕೂಡ ಕೊಡ್ತೀವಿ" ಅಂತ ಮಾರುವವರು ಹೇಳ್ತಿದ್ದಾರೆ. ನಂಬಬಹುದಾ?

ಉತ್ತರ: ಎರಡನ್ನೂ ನಂಬಬೇಡಿ ಅಣ್ಣಾರೆ. ಅಲರ್ಜಿ ತರುವ ಪ್ರೋಟೀನ್ ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರದಲ್ಲಿ ಇರುತ್ತದೆ. ಕೂದಲು ಕಡಿಮೆ ಉದುರಿದರೂ ಇವು ಇದ್ದೇ ಇರುತ್ತವೆ. ಮೇಲಾಗಿ ಒಂದೇ ಸೂಲಿನ ಮರಿಗಳಲ್ಲೂ ಒಂದಕ್ಕೆ ಪೂಡಲ್‌ನ ಗುಂಗುರು, ಇನ್ನೊಂದಕ್ಕೆ ಸ್ಪ್ಯಾನಿಯಲ್‌ನ ಉದುರುವ ಕೂದಲು ಬರಬಹುದು. ಮೊದಲು ಮಗನ ಡಾಕ್ಟರ ಹತ್ತಿರ ಮಾತಾಡಿ. ಆಮೇಲೆ ಇಂಥ ನಾಯಿ ಇರುವ ಮನೆಗೆ ಮಗನನ್ನು ಕರೆದುಕೊಂಡು ಹೋಗಿ, ಒಂದೆರಡು ಗಂಟೆ ಕೂರಿಸಿ. ಒಂದು ಸಲ ಸಾಲದು, ಕೆಲವು ಸಲ ಹೋಗಿ ಬನ್ನಿ. ಮರಿ ತಂದು ತಿಂಗಳಾದ ಮೇಲೆ ಬಿಟ್ಟುಕೊಡುವುದು ಹುಡುಗನಿಗೂ ನಾಯಿಗೂ ಕಷ್ಟ.

ಇನ್ನು ಪೇಪರ್. ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ, ಮಿಶ್ರ ತಳಿಗಳನ್ನು ನೋಂದಾಯಿಸುವುದಿಲ್ಲ. ಆ ಮಾತು ಹೇಳಿದವರ ಹತ್ತಿರ ಮರಿ ತರಬೇಡಿ ಅಂತಲೇ ನನ್ನ ಸಲಹೆ. ನೀವು ಕೇಳಬೇಕಾದದ್ದು ಬೇರೆ. ತಾಯಿ ನಾಯಿಯನ್ನು ಕಣ್ಣಾರೆ ನೋಡಬೇಕು. ನಾಯಿ ಮಾರಾಟದ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಪೂಡಲ್, ಕಾಕರ್ ಎರಡರಲ್ಲೂ ಕಣ್ಣಿನ ಪರದೆ ನಿಧಾನವಾಗಿ ಹಾಳಾಗಿ ಕುರುಡು ಬರುವ ವಂಶಪಾರಂಪರ್ಯ ಕಾಯಿಲೆ ಇದೆ. ಪಿಆರ್‌ಎ ಅಂತಾರೆ. ಅದಕ್ಕೆ ಡಿಎನ್‌ಎ ಪರೀಕ್ಷೆ ಇದೆ. ತಂದೆ ತಾಯಿಯಲ್ಲಿ ಒಂದಾದರೂ ಆ ದೋಷ ಪೂರ್ತಿ ಇಲ್ಲದ್ದಾದರೆ ಮರಿಗಳಿಗೆ ಆ ಬಗೆಯ ಕಾಯಿಲೆ ಬರುವುದಿಲ್ಲ. ಮಿಶ್ರ ತಳಿ ಅಂದ ಮಾತ್ರಕ್ಕೆ ರೋಗ ಬರಲ್ಲ ಅನ್ನುವುದು ಸುಳ್ಳು. ಮಂಡಿಚಿಪ್ಪು ಜಾರುವುದು ಕೂಡ ಇವುಗಳಲ್ಲಿ ಕಾಣುತ್ತದೆ. ನಯವಾದ ನೆಲದಲ್ಲಿ ಓಡಿಸುವ ಕಡೆ ಒಂದು ಜಮಖಾನ ಹಾಸಿ.

ತೊಂದರೆ ದೊಡ್ಡದಾದರೆ ನಿಮಗೆ ಒಂದು ಅನುಕೂಲ ಇದೆ. ನಿಮ್ಮ ನಂದಿನಗರದಲ್ಲೇ ಪಶುವೈದ್ಯ ವಿಶ್ವವಿದ್ಯಾಲಯ ಇದೆ.

ಪ್ರಶ್ನೆ (ಸದಸ್ಯೆ, ಶಹಾಪುರ, ಯಾದಗಿರಿ ಜಿಲ್ಲೆ): ನಮ್ಮದು ಎರಡು ವರ್ಷದ್ದು. ತಲೆ ಕೊಡವುತ್ತೆ, ಕಿವಿ ವಾಸನೆ ಬರುತ್ತೆ. ಪಕ್ಕದ ಮನೆಯವರು ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಡಿ ಅಂದ್ರು. ಮತ್ತೆ ಉಣ್ಣಿ ಕಾಟ. ದನಗಳಿಗೆ ಹಾಕುವ ಔಷಧಿ ಮನೇಲಿದೆ, ಅದನ್ನೇ ಹಚ್ಚಬಹುದಾ?

ಉತ್ತರ: ತಾಯಿ, ಎರಡೂ ಮಾಡಬೇಡಿ.

ಜೋತು ಬಿದ್ದ ಕಿವಿ, ಒಳಗೆ ಕೂದಲು, ಗಾಳಿ ಆಡದ ತೇವ. ಶಿಲೀಂಧ್ರಕ್ಕೆ, ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಎಣ್ಣೆ ಬಿಟ್ಟರೆ ಕೊಳೆ ಒಳಗೇ ಕೂರುತ್ತದೆ. ಬಡ್ಸ್ ಹಾಕಿದರೆ ಇನ್ನೂ ಆಳಕ್ಕೆ ತಳ್ಳುತ್ತದೆ. ಕಿವಿಯ ತಮಟೆ ಸರಿಯಿದೆಯಾ ಅಂತ ನೋಡದೆ ಯಾವ ಡ್ರಾಪ್ಸ್ ಕೂಡ ಹಾಕಬಾರದು. ಈ ವಾರವೇ ತೋರಿಸಿ. ವಾಸಿಯಾದ ಮೇಲೆ ಸ್ನಾನದ ನಂತರ ಕಿವಿಯನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ವಾರಕ್ಕೊಮ್ಮೆ ಮೂಗಿನಿಂದಲೇ ಪರೀಕ್ಷೆ ಮಾಡಿ. ವಾಸನೆ ಬದಲಾದರೆ ಅದೇ ಮೊದಲ ಸೂಚನೆ.

ದನದ ಔಷಧಿಯ ಪ್ರಮಾಣ ದನದ ತೂಕಕ್ಕೆ ಮಾಡಿದ್ದು. ಹತ್ತು ಕಿಲೋ ನಾಯಿ ಅದನ್ನು ನೆಕ್ಕಿಕೊಂಡರೆ ನಡುಕ, ಜೊಲ್ಲು, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ನಾಯಿಗೆ ಅಂತಲೇ ಮಾಡಿದ ಮಾತ್ರೆ ಇವೆ. ತಿಂಗಳಿಗೊಂದು ಅಥವಾ ಮೂರು ತಿಂಗಳಿಗೊಂದು ಕೊಟ್ಟರೆ ಸಾಕು. ಫಿಟ್ಸ್ ಬಂದ ಇತಿಹಾಸ ಇದ್ದರೆ ಮೊದಲೇ ಹೇಳಿ. ಉಣ್ಣಿ ನಾಯಿಯ ಮೈಮೇಲೆ ಮೊಟ್ಟೆ ಇಡುವುದಿಲ್ಲ. ಕೆಳಗೆ ಬಿದ್ದು ಗೋಡೆ ಬಿರುಕು, ಕಲ್ಲಿನ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಕೊಟ್ಟಿಗೆ, ಅಂಗಳ ಎರಡನ್ನೂ ಸ್ವಚ್ಛ ಮಾಡಿ, ಬಿರುಕು ಮುಚ್ಚಿ.

ಮೊದಲ ಸದಸ್ಯೆ: ಅತ್ತೆಯವರಿಗೆ ಈಗ ಇದರ ಮೇಲೆ ಭಾರೀ ಪ್ರೀತಿ ರೀ. ತಮ್ಮ ಊಟದಲ್ಲೇ ಪಾಲು ಕೊಡ್ತಾರೆ. ಪರವಾಗಿಲ್ವಾ?

ಉತ್ತರ: ಅಮ್ಮನವರು ಜೋಳದ ರೊಟ್ಟಿಯ ತುಣುಕು, ಖಾರ ಹಾಕದ ಮೊಟ್ಟೆ, ಸ್ವಲ್ಪ ಮೊಸರು ಕೊಡಲಿ. ಪಲ್ಯ, ಸಾರು ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಅಪಾಯ. ಹಬ್ಬದ ದಿನ ತುಪ್ಪದ ಹೋಳಿಗೆಯನ್ನೂ ಕೊಡಬೇಡಿ, ಜಿಡ್ಡು ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ.

ಅಮ್ಮನವರಿಗೆ ಇನ್ನೊಂದು ಕೆಲಸ ಹೇಳಿ. ಸ್ಪ್ಯಾನಿಯಲ್ ಪೊದೆಯಲ್ಲಿ ಹಕ್ಕಿ ಹುಡುಕಲು ಬೆಳೆಸಿದ ನಾಯಿ, ಪೂಡಲ್ ನೀರಿಗಿಳಿದು ಬೇಟೆ ತರುತ್ತಿದ್ದ ನಾಯಿ. ಇವಕ್ಕೆ ಮೂಗಿಗೆ, ತಲೆಗೆ ಕೆಲಸ ಬೇಕು. ಬೇಸಿಗೆ ಮಧ್ಯಾಹ್ನ ಹೊರಗೆ ಹೋಗಲಾಗದಾಗ ಕ್ಯಾರೆಟ್ ತುಣುಕುಗಳನ್ನು ಹಾಲ್‌ನಲ್ಲಿ ಅಲ್ಲಲ್ಲಿ ಬಚ್ಚಿಟ್ಟು ಹುಡುಕಿಸಲಿ. ಹತ್ತು ನಿಮಿಷ ಮೂಸಿ ಹುಡುಕಿದರೆ ಸುಸ್ತಾಗಿ ಮಲಗುತ್ತದೆ. ಒಂಟಿಯಾಗಿ ಬಿಟ್ಟರೆ ಬೊಗಳುವ, ಚಪ್ಪಲಿ ಕಡಿಯುವ ಸ್ವಭಾವ ಇವುಗಳದ್ದು. ಮನೆಯಲ್ಲಿ ಹಗಲು ಹೊತ್ತು ಹಿರಿಯರು ಇರುವುದು ನಿಮ್ಮ ಮರಿಯ ಪುಣ್ಯ.

ಶಹಾಪುರದ ಸದಸ್ಯೆ: ಸರ್, ಬರೆಯೋದು ಮರೆತೆ. ನಿನ್ನೆಯಿಂದ ಊಟ ಬಿಟ್ಟಿದೆ, ಮೈ ಬಿಸಿ ಇದೆ. ಒಸಡು ಬಿಳಿಚಿದಂತಿದೆ.

ಉತ್ತರ: ಹಾಗಾದರೆ ಈ ವಾರ ಅಲ್ಲ, ಇವತ್ತೇ ಕರೆದುಕೊಂಡು ಹೋಗಿ. ಉಣ್ಣಿ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ. ಮೂತ್ರ ಕಡುಬಣ್ಣ ಇದೆಯಾ, ಮೂಗಿನಲ್ಲಿ ರಕ್ತ ಬಂದಿದೆಯಾ ನೋಡಿಕೊಂಡು ಡಾಕ್ಟರಿಗೆ ಹೇಳಿ. ಯಾವ ರೋಗಾಣು ಅನ್ನುವುದರ ಮೇಲೆ ಔಷಧಿ ಬೇರೆ ಬೇರೆ. ಕೆಲವಕ್ಕೆ 28 ದಿನ ಮಾತ್ರೆ ಇರುತ್ತದೆ, ಮೂರನೇ ದಿನ ಗೆಲುವಾಯಿತು ಅಂತ ನಿಲ್ಲಿಸಬೇಡಿ. ಮನುಷ್ಯರ ಜ್ವರದ ಮಾತ್ರೆ ಏನನ್ನೂ ಕೊಡಬೇಡಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ನಾನು ನೋಡುತ್ತೇನೆ.