ಗೇರ್ ಬಾಕ್ಸ್ ಇಳಿಸುವ ಮುನ್ನ ಕ್ಲಚ್ಚಿನ ಪುಶ್ ರಾಡ್ ಅಳೆದು ನೋಡಿ

ಪ್ರಶ್ನೆ: ನಮಸ್ಕಾರ ಸರ್. ನನ್ನದು ಆರು ಚಕ್ರದ ಲಾರಿ. ಸಕಲೇಶಪುರದಿಂದ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಬಾಡಿಗೆ ಓಡಿಸುತ್ತೇನೆ. ಈಚೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ರಿವರ್ಸ್ ಹಾಕಲು ಹೋದರೆ ಗರಗರ ಸದ್ದು ಬರುತ್ತದೆ. ಕ್ಲಚ್ಚನ್ನು ಎರಡು ಮೂರು ಸಲ ಬೇಗಬೇಗ ತುಳಿದರೆ ಗೇರ್ ಸಲೀಸಾಗಿ ಬೀಳುತ್ತದೆ. ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತಿ ಹಿಡಿದು ನಿಂತಿದ್ದರೂ ಲಾರಿ ಮೆಲ್ಲಗೆ ಮುಂದಕ್ಕೆ ಸರಿಯುತ್ತದೆ. ಗೇರ್ ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಪೂರ್ತಿ ಬದಲಾಯಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಪ್ಲೇಟ್ ಹಾಕಿಸಿ ಇನ್ನೂ ವರ್ಷ ತುಂಬಿಲ್ಲ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಗೇರ್ ಬಾಕ್ಸ್ ಮುಟ್ಟಿಸಬೇಡಿ. ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ನಿಮ್ಮ ತೊಂದರೆ ಅದಕ್ಕೆ ತದ್ವಿರುದ್ಧ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಬೇಗಬೇಗ ತುಳಿದರೆ ಸರಿಹೋಗುತ್ತದೆ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಪ್ಲೇಟ್ ಬಾಗಿದ್ದರೆ, ಪ್ರೆಷರ್ ಪ್ಲೇಟಿನ ಫಿಂಗರ್ ಮುರಿದಿದ್ದರೆ ಅಥವಾ ಪೈಲಟ್ ಬೇರಿಂಗ್ ಹಿಡಿದುಕೊಂಡಿದ್ದರೆ, ಅಂದರೆ ಕ್ಲಚ್ಚಿನ ಭಾಗವೇ ಕೆಟ್ಟಿದ್ದರೆ, ಎಷ್ಟು ಸಲ ತುಳಿದರೂ ಅಷ್ಟೇ. ತುಳಿದಾಗ ಸುಧಾರಿಸುವುದು ಆಯಿಲ್ ದಾರಿಯ ದೋಷ. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನಲ್ಲಿ ತಳ್ಳುತ್ತದೆ, ಗೇರ್ ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್ ಆ ಒತ್ತಡದಿಂದ ಪುಶ್ ರಾಡನ್ನು ಹೊರದೂಡಿ ಕ್ಲಚ್ ಬಿಡಿಸುತ್ತದೆ.

ಮೊದಲು ಇಷ್ಟು ತಿಳಿಸಿ. ಕ್ಲಚ್ಚಿಗೆ ಪೆಡಲ್ ಹಗುರ ಮಾಡುವ ಗಾಳಿಯ ಬೂಸ್ಟರ್ ಇದೆಯೇ? ಮಾಸ್ಟರಿಗೆ ಆಯಿಲ್ ಕೊಡುವ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದೆಯೇ? ಕ್ಯಾಬಿನ್ನಿನೊಳಗೆ, ಮಾಸ್ಟರ್ ಸಿಲಿಂಡರಿಗೆ ಪೆಡಲಿನ ರಾಡ್ ಸೇರುವ ಕಡೆ ಬೆರಳಾಡಿಸಿ, ತೇವವಿದೆಯೇ? ಕೆಳಗೆ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟನ್ನು ಸರಿಸಿ ಒಳಗೂ ನೋಡಿ. ಹೊರಗೆ ಒಣಗಿದ್ದು ಬೂಟಿನೊಳಗೆ ಆಯಿಲ್ ತುಂಬಿಕೊಂಡಿರುವುದುಂಟು.

ಆಮೇಲೆ ಮುಖ್ಯ ಪರೀಕ್ಷೆ. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಆಫ್ ಮಾಡಿ. ಕ್ಲೀನರ್ ಪೆಡಲನ್ನು ನಿಧಾನವಾಗಿ ಒಂದೇ ಸಲ ಪೂರ್ತಿ ಒತ್ತಲಿ. ಸ್ಲೇವಿನ ಪುಶ್ ರಾಡ್ ಎಷ್ಟು ಹೊರಬಂತು ಎಂದು ಸ್ಕೇಲ್ ಹಿಡಿದು ಅಳೆಯಿರಿ. ಬಳಿಕ ಬೇಗಬೇಗ ತುಳಿದು, ಕೊನೆಯ ಸಲ ಒತ್ತಿ ಹಿಡಿದು ಇನ್ನೊಮ್ಮೆ ಅಳೆಯಿರಿ. ಹಾಗೇ ಒಂದು ನಿಮಿಷ ಹಿಡಿದಿಟ್ಟು ರಾಡ್ ಹಿಂದೆ ಸರಿಯುತ್ತದೆಯೇ ಗಮನಿಸಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ ಸರ್? ಪೆಡಲ್ ಕಡೆಯ ರಾಡನ್ನು ನಾಲ್ಕು ಸುತ್ತು ಉದ್ದ ಮಾಡಿ, ಡಬ್ಬಿಗೆ ಪವರ್ ಸ್ಟೀರಿಂಗ್ ಆಯಿಲ್ ಹಾಕಿದರೆ ಓಡುತ್ತದೆ.

ಉತ್ತರ: ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಕ್ಲಚ್ಚಿಗೆ ಹಾಕುವ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು, ಸಿಲಿಂಡರಿನೊಳಗೆ ಆಯಿಲ್ ನುಸುಳದಂತೆ ತಡೆಯುವ ರಬ್ಬರ್ ಕಪ್ಪುಗಳೂ ಅದಕ್ಕೆ ಹೊಂದುವಂಥವು. ಸ್ಟೀರಿಂಗ್ ಆಯಿಲ್ ಬಿದ್ದರೆ ಅವು ಉಬ್ಬಿ ಕೆಡುತ್ತವೆ. ಮಾಸ್ಟರ್, ಸ್ಲೇವ್ ಎರಡಕ್ಕೂ ದಂಡ. ರಾಡ್ ಉದ್ದವಾದರೆ ಪೆಡಲಿನ ಫ್ರೀ ಪ್ಲೇ, ಅಂದರೆ ಒತ್ತಲು ಶುರುಮಾಡಿದಾಗ ಇರುವ ಸ್ವಲ್ಪ ಸಡಿಲ, ಹೋಗುತ್ತದೆ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಕೊಳ್ಳುತ್ತದೆ. ಆಗ ಕಾಲು ತೆಗೆದರೂ ಕ್ಲಚ್ ಅರ್ಧ ಒತ್ತಿದಂತೆಯೇ ಇದ್ದು, ಪ್ಲೇಟ್ ಘಾಟಿಯಲ್ಲೇ ಸುಟ್ಟುಹೋಗುತ್ತದೆ.

ಪ್ರಶ್ನೆ ಕೇಳಿದವರು: ನೋಡಿದೆ ಸರ್. ಬೂಸ್ಟರ್ ಇಲ್ಲ. ಎಲ್ಲೂ ತೇವವಿಲ್ಲ, ಮಟ್ಟ ಇಳಿದಿಲ್ಲ, ಆದರೆ ಆಯಿಲ್ ಕಪ್ಪಗಾಗಿದೆ. ನಿಧಾನವಾಗಿ ಒತ್ತಿದರೆ ರಾಡ್ 9 ಮಿಲಿಮೀಟರ್ ಬರುತ್ತದೆ. ಬೇಗಬೇಗ ತುಳಿದ ಮೇಲೆ 16. ಒತ್ತಿ ಹಿಡಿದರೆ ನಿಮಿಷದೊಳಗೆ ಮತ್ತೆ 10ಕ್ಕೆ ಇಳಿಯಿತು.

ಉತ್ತರ: ಹಾಗಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ ಹೋಗಿದೆ. ಗಾಳಿ ಸೇರಿದ್ದರೂ ಪೆಡಲ್ ಮೆತ್ತಗಾಗುತ್ತದೆ, ತುಳಿದರೆ ಸುಧಾರಿಸುತ್ತದೆ. ಆದರೆ ಒತ್ತಿ ಹಿಡಿದಷ್ಟು ಹೊತ್ತೂ ರಾಡ್ ಇದ್ದಲ್ಲೇ ಇರುತ್ತದೆ. ನಿಮ್ಮದು ಹಿಂದೆ ಸರಿಯುತ್ತಿದೆ, ಹೊರಗೆ ಒಂದು ಹನಿಯೂ ಇಲ್ಲ. ಅಂದರೆ ಆಯಿಲ್ ಸವೆದ ಕಪ್ಪಿನ ಅಂಚಿನಿಂದ ನುಸುಳಿ ಡಬ್ಬಿಗೇ ವಾಪಸಾಗುತ್ತಿದೆ. ಕಪ್ಪು ಬಣ್ಣವೂ ರಬ್ಬರಿನದೇ ಇರಬೇಕು.

ಮಾಸ್ಟರ್ ಬಿಚ್ಚಿದಾಗ ಒಳಗೋಡೆಯ ಮೇಲೆ ಉಗುರು ಎಳೆದು ನೋಡಿ. ನುಣುಪಾಗಿದ್ದರೆ ಹೊಸ ರಬ್ಬರ್ ಕಪ್ಪುಗಳ ಕಿಟ್ ಸಾಕು. ಉಗುರು ಸಿಕ್ಕಿಕೊಳ್ಳುವಂತೆ ಗೀರು, ಗುಳಿ ಇದ್ದರೆ ಸಿಲಿಂಡರನ್ನೇ ಬದಲಾಯಿಸಿ. ಅಂಥದ್ದಕ್ಕೆ ಕಿಟ್ ಹಾಕುವುದು ದುಡ್ಡು ದಂಡ. ನಾನಾಗಿದ್ದರೆ ಸ್ಲೇವಿಗೂ ಕಿಟ್ ಹಾಕಿಸುತ್ತೇನೆ. ಹೊಸ ಮಾಸ್ಟರಿನ ಪೂರ್ತಿ ಒತ್ತಡ ಬಿದ್ದಾಗ ಹಳೆಯ ಸ್ಲೇವ್ ಸೋರಲು ಶುರುಮಾಡುವುದು ಗ್ಯಾರೇಜಿನವರಿಗೆ ಹೊಸದೇನಲ್ಲ.

ಆಮೇಲೆ ಏರ್, ಅಂದರೆ ಆಯಿಲ್ ದಾರಿಯಲ್ಲಿ ಸೇರಿದ ಗಾಳಿ, ತೆಗೆಯುವಾಗ ಆತುರ ಬೇಡ. ಸ್ಲೇವಿನಲ್ಲಿ ಗಾಳಿ ಬಿಡಲು ಇರುವ ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಅದರ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಪೆಡಲ್ ಒತ್ತಿದ ಮೇಲೆ ನಿಪ್ಪಲ್ ತೆರೆಯಿರಿ; ಅದನ್ನು ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ನಡುವೆ ಡಬ್ಬಿ ಬರಿದಾದರೆ ಮತ್ತೆ ಮೊದಲಿನಿಂದ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ಹಾಕಿ, ಕ್ಯಾಬಿನ್ನಿನಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟ ಡಬ್ಬಿಯದು ಬೇಡ. ಅದು ಗಾಳಿಯ ತೇವ ಹೀರಿರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ್ದಕ್ಕೆ ಆ ಮಿತಿ 155. ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಮತ್ತೊಬ್ಬರ ಪ್ರಶ್ನೆ: ನನ್ನ ಗಾಡಿಯದು ಉಲ್ಟಾ ಸರ್. ಪ್ಲೇಟ್ ಹೊಸದು. ಬೆಳಿಗ್ಗೆ ಚೆನ್ನಾಗಿ ಎಳೆಯುತ್ತದೆ, ಬಿಸಿಯಾದ ಮೇಲೆ ಏರಿನಲ್ಲಿ ಜಾರುತ್ತದೆ.

ಉತ್ತರ: ಜಾರಲು ಶುರುವಾದಾಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪೆಡಲ್ ಮುಟ್ಟದೆ ಮಾಸ್ಟರಿನಿಂದ ಹೊರಡುವ ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಸ್ಲೇವಿನ ರಾಡ್ ಹಿಂದೆ ಸರಿದರೆ ಒತ್ತಡ ಮಾಸ್ಟರಿನಲ್ಲೇ ಸಿಕ್ಕಿಕೊಂಡಿತ್ತು. ಫ್ರೀ ಪ್ಲೇ ಮತ್ತು ಆ ಸಣ್ಣ ರಂಧ್ರ ನೋಡಿ. ಅಲ್ಲಿ ಏನೂ ಆಗದೆ ಸ್ಲೇವಿನ ನಿಪ್ಪಲ್ ತೆರೆದಾಗ ಮಾತ್ರ ರಾಡ್ ಸರಿದರೆ ನಡುವಿನ ರಬ್ಬರ್ ಹೋಸ್ ಒಳಗೆ ಉಬ್ಬಿ ದಾರಿ ಕಟ್ಟಿದೆ. ಹೊರಗಿನಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಕಾಣುತ್ತದೆ, ನಂಬಬೇಡಿ. ಎರಡೂ ಕಡೆ ಒತ್ತಡವಿಲ್ಲದಿದ್ದರೆ ಆಯಿಲ್ ದಾರಿಯನ್ನು ಬಿಟ್ಟು, ಪ್ಲೇಟಿಗೆ ಎಂಜಿನ್ ಆಯಿಲ್ ತಗುಲಿದೆಯೇ ಎಂದು ಹೌಸಿಂಗಿನ ಕೆಳಗೆ ಹುಡುಕಿ. ಎಲ್ಲಿ ಸಡಿಲಿಸಿದ್ದರೂ ಬಿಗಿ ಮಾಡಿ, ಏರ್ ತೆಗೆಯದೆ ಅಲ್ಲಿಂದ ಹೊರಡಬೇಡಿ.