ಎರಡು ತಿಂಗಳಲ್ಲಿ ಮೂರನೇ ಕ್ವಾರಂಟೈನ್, ಮಗುವಿಗೆ ಒಂದು ಸಲವೂ ಕೋವಿಡ್ ಬಂದಿಲ್ಲ. ನೀವೆಲ್ಲ ಹೇಗೆ ನಿಭಾಯಿಸುತ್ತಿದ್ದೀರಿ?

ಪುಟ್ಟಿಯ ಅಮ್ಮ
ಜನವರಿ 2022, ಸೋಮವಾರ

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ಮಗಳಿಗೆ ಶೂ ಹಾಕಿ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಇನ್ನೇನು ಹೊರಡಬೇಕು ಅನ್ನುವಾಗ ಡೇಕೇರ್‌ನಿಂದ ಮೆಸೇಜ್ ಬಂತು. ಅವಳ ರೂಮಿನಲ್ಲಿ ಒಂದು ಮಗುವಿಗೆ ಪಾಸಿಟಿವ್, ಆ ರೂಮಿನ ಮಕ್ಕಳೆಲ್ಲ 10 ದಿನ ಮನೆಯಲ್ಲೇ ಇರಬೇಕು ಅಂತ. ಮಗಳು ಶೂ ಬಿಚ್ಚೋದಕ್ಕೆ ಒಪ್ಪಲಿಲ್ಲ. ಅರ್ಧ ಗಂಟೆ ಬಾಗಿಲ ಹತ್ತಿರವೇ ಕೂತಿದ್ದಳು. ಅವಳಿಗೆ ಒಂದು ವರ್ಷ ಹತ್ತು ತಿಂಗಳು, ಏನು ಅಂತ ಹೇಳಿ ತಿಳಿಸೋದು?

ನವೆಂಬರ್ ಕೊನೆಯಿಂದ ಇದು ಮೂರನೇ ಸಲ. ಮೊದಲು ಟೀಚರ್‌ಗೆ ಪಾಸಿಟಿವ್ ಬಂತು, ಆಮೇಲೆ ಒಂದು ಮಗುವಿಗೆ, ಈಗ ಇನ್ನೊಂದು ಮಗುವಿಗೆ. ನಡುವೆ ಒಂದು ಸಲ ಬರೀ ಮೂಗು ಸೋರುತ್ತಿದೆ ಅಂತ ವಾಪಸ್ ಕಳಿಸಿದ್ದರು, ಅದರ ಟೆಸ್ಟ್ ರಿಸಲ್ಟ್ ಬರುವವರೆಗೆ ಮತ್ತೆ ಮೂರು ದಿನ ಹೋಯಿತು. ಪ್ರತಿ ಸಲವೂ ಅವಳದು ನೆಗೆಟಿವ್. ಡೇಕೇರ್ ಫೀಸ್ ಮಾತ್ರ ಪೂರ್ತಿ ಕಟ್ಟುತ್ತಿದ್ದೇವೆ.

ನನ್ನದು ಲ್ಯಾಪ್‌ಟಾಪ್ ಕೆಲಸ, ಗಂಡನದು ಹೊರಗೆ ಹೋಗಿಯೇ ಮಾಡಬೇಕಾದ ಕೆಲಸ. ಹಾಗಾಗಿ ಮಗುವಿನ ಜೊತೆ ಇರೋಳು ನಾನೇ ಅಂತ ಯಾರೂ ಮಾತಾಡದೆ ತಾನಾಗೇ ತೀರ್ಮಾನ ಆಗಿಬಿಟ್ಟಿದೆ. ರಜೆ ಎಲ್ಲ ಮುಗಿದಿದೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೌಸ್. ರಾತ್ರಿ ಅವಳು ಮಲಗಿದ ಮೇಲೆ 1 ಗಂಟೆವರೆಗೆ ಕೂತು ಕೆಲಸ ಮುಗಿಸುತ್ತೇನೆ. ನಿನ್ನೆ ಸುಮ್ನೆ ಒಂದು ಲೋಟ ಬಿದ್ದಿದ್ದಕ್ಕೆ ಅವಳ ಮೇಲೆ ಕೂಗಿಬಿಟ್ಟೆ, ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಇನ್ನೊಂದು ವಿಷಯ ನನಗೆ ಅರ್ಥ ಆಗುತ್ತಿಲ್ಲ. ಡಿಸೆಂಬರ್ 27ಕ್ಕೆ ಅಮೆರಿಕದ ಸಿಡಿಸಿ (ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ಮನೆಯಲ್ಲಿ ಬೇರೆ ಇರಬೇಕಾದ 10 ದಿನವನ್ನು 5 ದಿನಕ್ಕೆ ಇಳಿಸಿತು ಅಂತ ಎಲ್ಲ ಕಡೆ ಓದಿದೆ. ದೊಡ್ಡವರಿಗೆ 5 ದಿನ ಸಾಕು ಅಂದರೆ ಈ ಪುಟ್ಟ ಮಕ್ಕಳಿಗೆ ಯಾಕೆ 10? ನಿಯಮ ಬೇಡ ಅಂತ ನಾನು ಹೇಳುತ್ತಿಲ್ಲ, ಯಾವ ಮಗುವಿಗೂ ಕಾಯಿಲೆ ಬರಬಾರದು. ಆದರೆ ಇದನ್ನು ನೀವೆಲ್ಲ ಹೇಗೆ ದಾಟುತ್ತಿದ್ದೀರಿ, ದಯವಿಟ್ಟು ಹೇಳಿ.

---

ಇಬ್ಬರು ಗಂಡುಮಕ್ಕಳ ತಾಯಿ

ಬಾಗಿಲ ಹತ್ತಿರ ಶೂ ಹಾಕಿಕೊಂಡು ಕೂತಿದ್ದಳು ಅಂತ ಓದಿ ಕರುಳು ಚುರುಕ್ ಅಂತು ರೀ. ನಮ್ಮ ಚಿಕ್ಕವನೂ ಹೀಗೇ ಮಾಡಿದ್ದ.

ಕೂಗಿದ್ದಕ್ಕೆ ಕೊರಗಬೇಡಿ. ಇಡೀ ದಿನ ಮಗು, ಇಡೀ ರಾತ್ರಿ ಕೆಲಸ ಅಂದರೆ ಯಾರಿಗಾದರೂ ತಾಳ್ಮೆ ತಪ್ಪುತ್ತೆ. ಆದರೆ ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು "ತಾನಾಗೇ ತೀರ್ಮಾನ ಆಗಿಬಿಟ್ಟಿದೆ" ಅನ್ನೋ ಮಾತು. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಎರಡನೇ ಕ್ವಾರಂಟೈನ್‌ನಲ್ಲಿ ನಾನು ಒಂದು ಹಾಳೆ ತೆಗೆದುಕೊಂಡು, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಗಂಟೆ ಗಂಟೆಯಾಗಿ ಬರೆದು, ಮಗು ಯಾರ ಹತ್ತಿರ ಇರುತ್ತೆ ಅಂತ ಎದುರಿಗೆ ಹೆಸರು ಹಾಕಿದೆ. 16 ಗಂಟೆಯಲ್ಲಿ 13 ನನ್ನವು. ಜಗಳ ಏನೂ ಆಗಲಿಲ್ಲ. ಅವರು ಹಾಳೆ ನೋಡಿದರು, ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಬೆಳಿಗ್ಗೆಯ ಪಾಳಿ ನನ್ನದು ಅಂದರು. ಈಗ ಅವರು ಕೆಲಸಕ್ಕೆ ಹೊರಡೋದು 9ಕ್ಕೆ. 6ರಿಂದ 9ರವರೆಗೆ ನಾನು ರೂಮಿನ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತೇನೆ. ಮಧ್ಯಾಹ್ನ ಮಕ್ಕಳು ಮಲಗಿದಾಗ ಎರಡು ಗಂಟೆ ಸಿಗುತ್ತೆ. ಸಂಜೆ ಅವರು ಬಂದ ಮೇಲೆ ಮತ್ತೆ ಎರಡು. ಏಳು ಗಂಟೆ ಆಯಿತಲ್ವಾ? ರಾತ್ರಿ 1 ಗಂಟೆವರೆಗೆ ಕೂರಬೇಕಾಗಿಲ್ಲ. ನಿದ್ದೆ ಬಿಟ್ಟು ಕೆಲಸ ಮಾಡೋದನ್ನು ಮೊದಲು ನಿಲ್ಲಿಸಿ, ಉಳಿದದ್ದೆಲ್ಲ ಆಮೇಲೆ.

ಆಫೀಸಿಗೂ ಹಾಗೇ. "ಮಗು ಮನೆಯಲ್ಲಿದೆ, ಸ್ವಲ್ಪ ಕಷ್ಟ ಆಗಬಹುದು" ಅಂತ ಮೊದಲೆಲ್ಲ ಬರೆಯುತ್ತಿದ್ದೆ. ಅದರಿಂದ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಈಗ ನೇರವಾಗಿ, ಇಂಥ ತಾರೀಖಿನವರೆಗೆ ನಾನು ಇಂಥ ಗಂಟೆಗಳಲ್ಲಿ ಸಿಗುತ್ತೇನೆ, ಮೀಟಿಂಗ್ ಇದ್ದರೆ ಮಧ್ಯಾಹ್ನ 1ರಿಂದ 3ರ ಒಳಗೆ ಇಡಿ, ಅಂತ ಬರೆಯುತ್ತೇನೆ. ಹೇಳಿದ್ದರಲ್ಲಿ ಅರ್ಧ ಒಪ್ಪುತ್ತಾರೆ, ಅದೇ ಎಷ್ಟೋ ಆಯಿತು.

ಮಗುವಿಗೆ ಡೇಕೇರ್ ಟೈಮ್‌ಟೇಬಲ್ ಬದಲಿಸಬೇಡಿ. ಅಲ್ಲಿ ಊಟ ಎಷ್ಟಕ್ಕೋ ಇಲ್ಲೂ ಅಷ್ಟಕ್ಕೇ, ಅಲ್ಲಿ ನಿದ್ದೆ ಎಷ್ಟಕ್ಕೋ ಇಲ್ಲೂ ಅಷ್ಟಕ್ಕೇ. ಬೇಕಿದ್ದರೆ ಶೂ ಹಾಕಿಕೊಂಡೇ ಆಡಲಿ ಬಿಡಿ. ನಮ್ಮವನು ಹತ್ತು ದಿನವೂ ಬೆಳಿಗ್ಗೆ ಶೂ ಹಾಕಿ, ಬ್ಯಾಗ್ ಹಿಡಿದು ಒಂದು ರೂಮಿನಿಂದ ಇನ್ನೊಂದು ರೂಮಿಗೆ "ಹೋಗುತ್ತಿದ್ದ".

---

ಡೇಕೇರ್ ಟೀಚರ್

ನಾನು ಎರಡು ವರ್ಷದೊಳಗಿನ ಮಕ್ಕಳ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಆ ಮೆಸೇಜ್ ಕಳಿಸುವವರಲ್ಲಿ ನಾನೂ ಒಬ್ಬಳು. ಕಳಿಸುವಾಗ ಯಾವ ಮನೆಯಲ್ಲಿ ಏನಾಗುತ್ತೆ ಅಂತ ಒಂದೊಂದು ಹೆಸರೂ ಕಣ್ಣ ಮುಂದೆ ಬರುತ್ತೆ, ನಂಬಿ.

ಮಕ್ಕಳಿಗೆ ಯಾಕೆ 10 ದಿನ ಅಂತ ಕೇಳಿದಿರಿ. ಆ 5 ದಿನದ ನಿಯಮ ಅಲ್ಲಿಗೇ ಮುಗಿಯೋದಿಲ್ಲ. 5 ದಿನ ಮನೆಯಲ್ಲಿ, ಆಮೇಲಿನ 5 ದಿನ ಬೇರೆಯವರ ನಡುವೆ ಇರುವಾಗ ಸರಿಯಾಗಿ ಮಾಸ್ಕ್ ಹಾಕಿಕೊಂಡಿರಬೇಕು ಅಂತ ಇದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಹಾಕಲೇಬಾರದು, ಉಸಿರುಗಟ್ಟುವ ಅಪಾಯ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರಲ್ಲೇ 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬೇಡಿ ಅಂದಿವೆ. ಮಾಸ್ಕ್ ಹಾಕಲಾಗದವರು ಎರಡನೇ 5 ದಿನವನ್ನೂ ಮನೆಯಲ್ಲೇ ಕಳೆಯಬೇಕಾಗುತ್ತೆ, ಅದಕ್ಕೇ 10. ಜೊತೆಗೆ ಇವರಿಗೆ ಲಸಿಕೆಯೂ ಬಹುತೇಕ ಕಡೆ ಇನ್ನೂ ಬಂದಿಲ್ಲ.

ನಮ್ಮ ರೂಮಿನಲ್ಲಿ ದೂರ ದೂರ ಕೂರಿಸೋದು ಅನ್ನೋ ಮಾತೇ ಇಲ್ಲ. ಒಬ್ಬರು ಬಾಯಿಗೆ ಹಾಕಿದ ಆಟಿಕೆ ಇನ್ನೊಬ್ಬರ ಬಾಯಿಗೆ ಹೋಗುತ್ತೆ. ಅಳುವ ಮಗುವನ್ನು ಎತ್ತಿಕೊಳ್ಳದೆ ಇರೋಕಾಗಲ್ಲ, ಎತ್ತಿಕೊಂಡರೆ ಅದರ ಮುಖ ನಮ್ಮ ಕುತ್ತಿಗೆಗೇ ಬರುತ್ತೆ. ಕಿಟಕಿ ತೆರೆದಿಡುತ್ತೇವೆ, ಮೆತ್ತನೆ ಗೊಂಬೆಗಳನ್ನೆಲ್ಲ ಎತ್ತಿಟ್ಟಿದ್ದೇವೆ, ಒಂದು ರೂಮಿನ ಮಕ್ಕಳನ್ನು ಇನ್ನೊಂದು ರೂಮಿನವರ ಜೊತೆ ಸೇರಿಸೋದಿಲ್ಲ. ಇಡೀ ಡೇಕೇರ್ ಮುಚ್ಚದೆ ಬರೀ ನಿಮ್ಮ ರೂಮು ಮುಚ್ಚಿದ್ದು ಹಾಗೆ ಬೇರೆ ಬೇರೆ ಇಟ್ಟಿದ್ದರಿಂದಲೇ. ಇಷ್ಟು ಮಕ್ಕಳಿಗೆ ಇಷ್ಟು ಜನ ಇರಲೇಬೇಕು ಅಂತ ಲೆಕ್ಕ ಬೇರೆ ಇದೆ. ಇಬ್ಬರು ಟೀಚರ್ ಮನೆಗೆ ಹೋದರೆ, ಮಕ್ಕಳೆಲ್ಲ ನೆಗೆಟಿವ್ ಆಗಿದ್ದರೂ ನಾವು ಬಾಗಿಲು ತೆರೆಯೋಕಾಗಲ್ಲ.

ಒಂದು ಮಾತು ಎಲ್ಲ ತಂದೆತಾಯಿಗಳಿಗೂ ಕೈಮುಗಿದು ಹೇಳುತ್ತೇನೆ. ಬೆಳಿಗ್ಗೆ ಮೈ ಬಿಸಿ ಇದ್ದರೆ ಪ್ಯಾರಾಸಿಟಮಾಲ್ ಕೊಟ್ಟು ಕರೆದುಕೊಂಡು ಬರಬೇಡಿ. ಗೇಟಿನಲ್ಲಿ ಥರ್ಮಾಮೀಟರ್‌ಗೆ ಸಿಗೋದಿಲ್ಲ, ನಾಲ್ಕೈದು ಗಂಟೆ ಆದ ಮೇಲೆ ಜ್ವರ ಏರುತ್ತೆ, ಅಷ್ಟರಲ್ಲಿ ಎಲ್ಲ ಮಕ್ಕಳ ಜೊತೆ ಆಡಿ ಆಗಿರುತ್ತೆ. ಯಾಕೆ ಹಾಗೆ ಮಾಡುತ್ತಾರೆ ಅಂತ ನನಗೆ ಗೊತ್ತು, ರಜೆ ಇಲ್ಲದೆ ಮಾಡುತ್ತಾರೆ. ಆದರೂ ಬೇಡ.

---

ಅಪ್ಪನ ಡೈರಿ

ಟೀಚರ್ ಹೇಳಿದ್ದು ಸರಿ. ನಾನು ದಿನದ ಲೆಕ್ಕದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಾವು ಒಂದು ಸಲ ನಾಲ್ಕು ದಿನ ಸುಮ್ನೆ ಕಳೆದುಕೊಂಡೆವು.

10 ದಿನ ಅನ್ನೋದು ಮೆಸೇಜ್ ಬಂದ ದಿನದಿಂದ ಅಲ್ಲ. ಪಾಸಿಟಿವ್ ಬಂದ ಮಗುವಿನ ಜೊತೆ ನಿಮ್ಮ ಮಗು ಕೊನೆಯ ಸಲ ಇದ್ದ ದಿನವೇ ಸೊನ್ನೆ, ಮಾರನೇ ದಿನ ಒಂದು. ಆ ಮಗು ಕೊನೆಗೆ ಬಂದಿದ್ದು ಯಾವತ್ತು ಅಂತ ಡೇಕೇರ್‌ಗೆ ಕೇಳಿ. ಮಗುವಿನ ಹೆಸರು ಅವರು ಹೇಳಲ್ಲ, ಹೇಳಲೂಬಾರದು. ದಿನಾಂಕ ಹೇಳುವುದರಲ್ಲಿ ತೊಂದರೆ ಇಲ್ಲ.

ಟೆಸ್ಟ್ ಬಗ್ಗೆ. ಮೆಸೇಜ್ ಬಂದ ತಕ್ಷಣ ಓಡಿಹೋಗಿ ಮಾಡಿಸಿದ ನೆಗೆಟಿವ್‌ಗೆ ಅಷ್ಟು ಬೆಲೆ ಇಲ್ಲ. ವೈರಸ್ ಮೈಯೊಳಗೆ ಹೊಕ್ಕು ಟೆಸ್ಟ್‌ಗೆ ಸಿಗುವಷ್ಟು ಬೆಳೆಯೋದಕ್ಕೆ ದಿನ ಬೇಕು. ಮೊದಲಿನ ವೈರಸ್‌ಗೆ ಲಕ್ಷಣ ಕಾಣಿಸೋಕೆ ಸಾಮಾನ್ಯವಾಗಿ 5 ದಿನ, ಕೆಲವರಿಗೆ 14ರವರೆಗೂ ಹಿಡಿಯುತ್ತಿತ್ತು. ನವೆಂಬರ್ 26ಕ್ಕೆ ಹೆಸರಿಟ್ಟರಲ್ಲ, ಈ ಓಮಿಕ್ರಾನ್, ಇದು ಸುಮಾರು 3 ದಿನಕ್ಕೇ ಕಾಣಿಸಿಕೊಳ್ಳುತ್ತಿದೆ. 5ನೇ ದಿನ ಅಥವಾ ಆಮೇಲೆ ಮಾಡಿಸಿದರೆ ಅದಕ್ಕೆ ಅರ್ಥ ಇದೆ. ಮಗುವಿನ ಮೂಗಿಗೆ ಕಡ್ಡಿ ಹಾಕಿಸೋದು ಒಂದೇ ಸಲ ಆದರೆ ಅದಕ್ಕೂ ಒಳ್ಳೇದು.

ಕೋವಿಡ್ ಬಂದು ವಾಸಿಯಾದ ಮಗುವಿಗೆ ಕೆಲವು ಡೇಕೇರ್‌ಗಳು ಆರ್‌ಟಿ-ಪಿಸಿಆರ್ ನೆಗೆಟಿವ್ ತಂದರೆ ಮಾತ್ರ ಒಳಗೆ ಅನ್ನುತ್ತವೆ. ಇದನ್ನು ಒಪ್ಪಬೇಡಿ, ವೈದ್ಯರಿಂದ ಬರೆಸಿ ಕೊಡಿ. ಆ ಟೆಸ್ಟ್ ಸತ್ತ ವೈರಸ್ಸಿನ ಚೂರನ್ನೂ ಹಿಡಿಯುತ್ತೆ. ಕೆಲವರಿಗೆ 90 ದಿನದವರೆಗೂ ಪಾಸಿಟಿವ್ ತೋರಿಸಬಹುದು, ಆದರೆ ಅವರಿಂದ ಬೇರೆಯವರಿಗೆ ಹರಡುತ್ತೆ ಅಂತ ಅಲ್ಲ.

ನಮಗೆ ತುಂಬ ಕಷ್ಟ ಆಗಿದ್ದು ಮನೆಯಲ್ಲೇ ಒಬ್ಬರಿಗೆ ಬಂದಾಗ. 2020ರ ಕೊನೆಯಲ್ಲಿ ನನಗೆ ಪಾಸಿಟಿವ್ ಬಂತು. ಚಿಕ್ಕ ಮನೆ, ಬೇರೆ ಇರೋಕೆ ಜಾಗ ಇಲ್ಲ, ಮಗ ಬಾಗಿಲು ಬಡಿದು ಬಡಿದು ಅಳುತ್ತಿದ್ದ. ಹಾಗೆ ಒಟ್ಟಿಗೇ ಇದ್ದರೆ ಮಗುವಿನ ಲೆಕ್ಕ ಶುರುವಾಗೋದು ನಮ್ಮ ಐಸೊಲೇಷನ್ ಮುಗಿದ ಮೇಲೆ. ನನ್ನ 10, ಅದರ ಮೇಲೆ ಅವನ 14 (ಆಗ ಕ್ವಾರಂಟೈನ್ 14 ದಿನ ಇತ್ತು), ಒಟ್ಟು 24 ದಿನ. 24ನೇ ದಿನ ಅವನನ್ನು ಬಿಟ್ಟು ಬಂದು ಹೊರಗೆ ರಸ್ತೆಯಲ್ಲೇ ನಿಂತು ಅತ್ತೆ.

---

ಒಬ್ಬಳೇ ಅಮ್ಮ

ಪಾಳಿ ಹಂಚಿಕೊಳ್ಳೋಕೆ ನನ್ನ ಮನೆಯಲ್ಲಿ ಇನ್ನೊಬ್ಬರಿಲ್ಲ. ನನ್ನದು ಗಂಟೆ ಲೆಕ್ಕದ ಸಂಬಳ, ಹೋಗದಿದ್ದರೆ ಇಲ್ಲ. ವಯಸ್ಸಾದ ಅಮ್ಮನ ಹತ್ತಿರ ಬಿಡೋಣ ಅಂದರೆ ಅವರಿಗೇ ಬಂದರೆ ಏನು ಗತಿ ಅನ್ನೋ ಭಯ.

ನಾನು ಮಾಡಿದ್ದು ಹೇಳುತ್ತೇನೆ. ನನ್ನ ಮಗನ ರೂಮಿನಲ್ಲೇ ಇರುವ ಇನ್ನೊಂದು ಮಗುವಿನ ತಾಯಿಯ ಜೊತೆ ಮಾತಾಡಿಕೊಂಡೆ. ಇಬ್ಬರು ಮಕ್ಕಳೂ ಅದೇ ದಿನ ಅದೇ ರೂಮಿನಲ್ಲಿ ಇದ್ದವರು. ಒಂದು ದಿನ ಅವಳು ಇಬ್ಬರನ್ನೂ ನೋಡಿಕೊಂಡಳು, ಒಂದು ದಿನ ನಾನು. ಬೇರೆ ಯಾರನ್ನೂ ಸೇರಿಸಲಿಲ್ಲ. ಇದರಿಂದ ನನಗೆ ಅರ್ಧ ಸಂಬಳವಾದರೂ ಉಳಿಯಿತು.

---

ಡೇಕೇರ್ ಟೀಚರ್

ನಿಮ್ಮ ಪರಿಸ್ಥಿತಿ ಅರ್ಥ ಆಗುತ್ತೆ, ಬೈಯೋಕೆ ಬಂದಿಲ್ಲ. ಆದರೆ ಓದುವ ಉಳಿದವರಿಗೆ ಗೊತ್ತಿರಲಿ, ಕ್ವಾರಂಟೈನ್ ಅಂದರೆ ಸೋಂಕು ತಗುಲಿದೆಯೋ ಇಲ್ಲವೋ ಗೊತ್ತಾಗುವವರೆಗೆ ಬೇರೆ ಇರೋದು. ಇಬ್ಬರಲ್ಲಿ ಒಂದು ಮಗುವಿಗೆ 4ನೇ ದಿನ ಪಾಸಿಟಿವ್ ಬಂದರೆ, ಇನ್ನೊಂದು ಮಗುವಿಗೆ ಅವತ್ತಿನಿಂದ ಮತ್ತೆ ಸೊನ್ನೆಯಿಂದ ಲೆಕ್ಕ.

---

ಒಬ್ಬಳೇ ಅಮ್ಮ

ಗೊತ್ತು ಟೀಚರ್. ಇಬ್ಬರೂ ಕೂತು ಅದನ್ನು ಮಾತಾಡಿಕೊಂಡೇ ಒಪ್ಪಿದ್ದೆವು. 10 ದಿನ ಸಂಬಳ ಇಲ್ಲದಿದ್ದರೆ ಬಾಡಿಗೆ ಕಟ್ಟೋಕಾಗಲ್ಲ, ಅದರ ಮುಂದೆ ಈ ಅಪಾಯ ತೆಗೆದುಕೊಂಡೆ. ಮಕ್ಕಳನ್ನು ಮನೆಯಲ್ಲಿಡಿ ಅಂತ ಹೇಳುವವರು, ಇಟ್ಟುಕೊಳ್ಳುವವರಿಗೆ ಸಂಬಳದ ರಜೆಯನ್ನೂ ಕೊಡಬೇಕು. ಇದನ್ನು ನಾನು ಎಲ್ಲಿ ಕೇಳಿದರೂ ಹೇಳುತ್ತೇನೆ.

---

ಪುಟ್ಟಿಯ ಅಮ್ಮ
ಅದೇ ದಿನ, ರಾತ್ರಿ

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎರಡೆರಡು ಸಲ ಓದಿದೆ. ಟೀಚರ್, ಆ ಎರಡನೇ 5 ದಿನದ ವಿಷಯ ನನಗೆ ನಿಜವಾಗಿ ಗೊತ್ತಿರಲಿಲ್ಲ, ಈಗ ಕೋಪ ಸ್ವಲ್ಪ ಇಳಿದಿದೆ. ಪ್ಯಾರಾಸಿಟಮಾಲ್ ವಿಷಯ ಓದಿ ಎದೆ ಧಸಕ್ ಅಂತು. ನಾನು ಯಾವತ್ತೂ ಹಾಗೆ ಕಳಿಸಿಲ್ಲ, ಆದರೆ ಡಿಸೆಂಬರ್‌ನಲ್ಲಿ ಒಂದು ದಿನ ಕೈಯಲ್ಲಿ ಬಾಟಲಿ ಹಿಡಿದು ಯೋಚನೆ ಮಾಡಿದ್ದುಂಟು.

ಅಪ್ಪನ ಡೈರಿ ಅವರೇ, ನೀವು ಹೇಳಿದ ಹಾಗೆ ಡೇಕೇರ್‌ಗೆ ಫೋನ್ ಮಾಡಿ ಕೇಳಿದೆ. ಆ ಮಗು ಕೊನೆಗೆ ಬಂದಿದ್ದು ಗುರುವಾರ. ಅಂದರೆ ಇವತ್ತು ಮೊದಲನೇ ದಿನ ಅಲ್ಲ, 4ನೇ ದಿನ. 10 ದಿನ ಮುಗಿಯೋದು ಈ ಭಾನುವಾರಕ್ಕೆ, ಮುಂದಿನ ಸೋಮವಾರ ಕರೆತನ್ನಿ ಅಂದರು. ನಾನು ಮುಂದಿನ ವಾರವೂ ಹೋಯಿತು ಅಂತ ಕೂತಿದ್ದೆ. ನಾಳೆ 5ನೇ ದಿನ, ಟೆಸ್ಟ್ ನಾಳೆಯೇ ಮಾಡಿಸುತ್ತೇವೆ. ಬೇಗ ಕಳಿಸೋದಕ್ಕಲ್ಲ, ನಮಗೆ ಗೊತ್ತಾಗಲಿ ಅಂತ.

ಒಬ್ಬಳೇ ಅಮ್ಮ, ನಿಮಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ನಮ್ಮ ರೂಮಿನ ವಾಟ್ಸಾಪ್ ಗ್ರೂಪ್‌ನಲ್ಲಿ ಫೀಸ್ ವಿಷಯ ಎತ್ತಿದ್ದೇನೆ. ರೂಮು ಮುಚ್ಚಿದ ದಿನಗಳಿಗೆ ಅರ್ಧವಾದರೂ ಬಿಡಿ, ಟೀಚರ್‌ಗಳ ಸಂಬಳ ಮಾತ್ರ ಕಡಿಯಬೇಡಿ, ಅಂತ ಒಟ್ಟಿಗೆ ಪತ್ರ ಬರೆಯೋಣ ಅಂದೆ. ಆರು ಜನ ಸರಿ ಅಂದಿದ್ದಾರೆ.

ಹಾಳೆಯನ್ನೂ ಬರೆದೆ. ನನ್ನ ಹೆಸರು 14 ಗಂಟೆಗಳ ಎದುರಿಗಿತ್ತು. ಇವರು ನೋಡಿ, ನಾಳೆಯಿಂದ ಬೆಳಿಗ್ಗೆ ಎರಡು ಗಂಟೆ ತಡವಾಗಿ ಬರೋದಕ್ಕೆ ಕೆಲಸದ ಕಡೆ ಕೇಳಿಕೊಂಡಿದ್ದಾರೆ, ಒಂದು ವಾರಕ್ಕೆ ಒಪ್ಪಿದ್ದಾರಂತೆ. ಮಗಳು ಶೂ ಹಾಕಿಕೊಂಡೇ ಮಲಗಿದ್ದಾಳೆ, ಆಮೇಲೆ ಮೆಲ್ಲಗೆ ಬಿಚ್ಚುತ್ತೇನೆ. ಟೆಸ್ಟ್ ರಿಸಲ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.